ಗುಡ್ಡದಲ್ಲಿ ನಿನ್ನ ಜಾಗ

ಓಡಿಲ್,

ಸಮುದ್ರ ನಮ್ಮ ದ್ವೀಪದ ಊರು ಮಿಕ್ವೆಲೋನ್ ಅನ್ನು ನುಂಗುವ ಮೊದಲೇ ಇಡೀ ಹಳ್ಳಿಯನ್ನು ಗುಡ್ಡಕ್ಕೆ ಏರಿಸುವುದೆಂದು ಫ್ರಾನ್ಸ್ ಸರ್ಕಾರ ತೀರ್ಮಾನಿಸಿದೆ. ನೆರೆಗೆ ಹೆದರಿ ಹೊರಟ ನಮಗೆ ಇವತ್ತು ಊರ ಕಚೇರಿಯಲ್ಲಿ ನೆರೆಯವರನ್ನು ಆರಿಸುವ ಭಾಗ್ಯ.

ಮೇಯರ್ ಗಾಸ್ಪಾರ್ ನಕ್ಷೆ ಹರಡಿ, "ಪಕ್ಕದ ಜಾಗ ಯಾರಿಗೆ, ಜರ್ಮೇನಜ್ಜಿ? ನಿನ್ನನ್ನ ತಡ್ಕೊಳ್ಳೋರು ಯಾರಿದಾರೆ ಹೇಳು," ಅಂದ.

"ಓಡಿಲ್‌ಗೆ," ಅಂದೆ.

ಗಾಸ್ಪಾರ್ ನಕ್ಷೆಯಿಂದ ತಲೆಯೆತ್ತಿದ. "ಅವಳು ತೀರ್ಕೊಂಡು ಮೂರು ತಿಂಗಳಾಯ್ತಲ್ಲಜ್ಜಿ."

"ಗೊತ್ತು ಕಣೋ. ಮಾತಾಡದ ನೆರೆಯವಳು ನನಗೆ ಹದಿನಾಲ್ಕು ವರ್ಷದಿಂದ ಅಭ್ಯಾಸ."

ಅವನು ಆ ಜಾಗವನ್ನು ಖಾಲಿ ಬಿಟ್ಟ.

ನಮ್ಮೂರಲ್ಲಿ ಬಾಗಿಲು ತಟ್ಟುವವರು ಪೊಲೀಸರು ಮಾತ್ರ. ಉಳಿದವರೆಲ್ಲ ನೇರ ಅಡುಗೆಮನೆಗೇ ನುಗ್ಗುತ್ತಾರೆ. ನಾವು ಜಗಳವಾಡಿದ ವರ್ಷ, ಕ್ರಿಸ್ಮಸ್ ಮರುದಿನ, ನೀನು ಬಂದು ಮೂರು ಸಲ ತಟ್ಟಿದೆ. ನಾನು ಮನೆಯಲ್ಲೇ ಇದ್ದೆ.

ಜರ್ಮೇನ್