ನಾವು ತುಂಬಿದ ಏಳನೇ ಸೆಮಿಸ್ಟರ್

ಗೋಕಾಕ
೨೫-೧೧-೨೦೦೭

ನನ್ನ ಜಗಳಗಂಟಿ ಗೆಳತಿ ಶೋಭಾ,

ಹೇಗಿದ್ದೀ? ಓದುವ ರಜೆಯೆಂದು ಮೂಡಲಗಿಗೆ ಹೋದವಳು ಅವ್ವನ ಕೈಯ ಬಿಸಿರೊಟ್ಟಿ ತಿಂದು ಮಲಗಿರುತ್ತೀ, ಓದು ಗೀದು ಏನೂ ಇಲ್ಲವೆಂದು ನನಗೆ ಗೊತ್ತು. ನಾನು ನಮ್ಮೂರು ಹುಕ್ಕೇರಿಗೆ ಹೋಗದೆ ಇಲ್ಲೇ ಕಾಕಾನ ಮನೆಯಲ್ಲಿ ಉಳಿದಿದ್ದೇನೆ. ಇ-ಮೇಲ್ ಮಾಡುವುದು ಬಿಟ್ಟು ಕಾಗದ ಬರೆದಿದ್ದಾಳೆ ಎಂದು ನಗಬೇಡ. ಕಂಪ್ಯೂಟರಿನ ಮುಂದೆ ಕುಳಿತು ಈ ಮಾತು ಬರೆಯಲು ನನಗೆ ಹೆದರಿಕೆ.

ಮೊದಲೇ ಹೇಳಿಬಿಡುತ್ತೇನೆ. ನಮ್ಮ ವೆಬ್‌ಸೈಟನ್ನು ನೀನು ತೆರೆಯಬೇಡ. ಅದನ್ನು ನಾನು ಮುಚ್ಚುತ್ತೇನೆ.

ಮೂವರೂ ಸೇರಿ ಕಟ್ಟಿದ್ದು, ಮುಚ್ಚಲು ನೀನ್ಯಾರು ಎಂದು ಎಗರಾಡುತ್ತೀ. ಖರೆ. ಯಾವ ಸೆಮಿಸ್ಟರಿಗೆ ಯಾವ ವಿಷಯ ತೆಗೆದುಕೊಳ್ಳಬೇಕೆಂದು ತಿಳಿಯದೆ ಎಲ್ಲರೂ ನೋಟಿಸ್ ಬೋರ್ಡಿನ ಮುಂದೆ ಒದ್ದಾಡುತ್ತಿದ್ದೆವು. ಪಾಸಾದ ವಿಷಯಕ್ಕೆ ಗುರುತು ಹಾಕಿದರೆ ಸಾಕು, ಮುಂದಿನವು ತಾವೇ ತೆರೆದುಕೊಳ್ಳುವಂತೆ ಸೈಟು ಮಾಡಿದವನು ನಮ್ಮ ಸೋಮಶೇಖರ. ನೀನೂ ನಾನೂ ಅವನು ಹೇಳಿದಂತೆ ಟೈಪು ಮಾಡುತ್ತಾ ಹೋದೆವು, ಅಷ್ಟೇ. ಆರನೇ ಸೆಮಿಸ್ಟರ್ ಮುಗಿದ ರಜೆಯಲ್ಲಿ ಅವನು ಜ್ವರದಿಂದ ತೀರಿಕೊಂಡ. ಸೈಟಿನಿಂದ ಅವನ ಹೆಸರು ತೆಗೆಯಲು ನಮ್ಮಿಬ್ಬರಿಗೂ ಕೈ ಏಳಲಿಲ್ಲ.

ಮಹಾನವಮಿ ಅಮಾವಾಸ್ಯೆಯ ದಿನ ಅವನ ತಾಯಿ ಕಾಶೆವ್ವ ನಾಗನೂರಿನಿಂದ ಸೈಬರ್ ಕೆಫೆಗೆ ಬಂದದ್ದನ್ನು ನೀನೂ ಮರೆತಿರಲಿಕ್ಕಿಲ್ಲ. ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡುವ ದಿನ ಅದು. ಮನೆಯಲ್ಲಿ ಮಗನಿಗೆ ಹೋಳಿಗೆ, ಹೊಸ ಅಂಗಿ ಇಟ್ಟು ಬಂದಿದ್ದರು. ಬಾಗಿಲಲ್ಲೇ ಸೆರಗು ಹೊದ್ದು ನಿಂತು, “ಉಣ್ಣಾಕ, ಉಡಾಕ ಎಲ್ಲಾ ಇಟ್ಟೇನ್ರೆವಾ. ಅವಗ ಓದೂ ಬೇಕಲ್ಲ, ಮುಂದಿನದ್ದ ತುಂಬಿ ಕೊಡ್ರಿ,” ಎಂದರು. ನಾವಿಬ್ಬರೂ ಅಳುತ್ತಾ ಅವನ ಹೆಸರಿನಲ್ಲಿ ಏಳನೇ ಸೆಮಿಸ್ಟರ್ ತುಂಬಿದೆವು. ತುಂಬಬಾರದಿತ್ತು ಮಾರಾಯ್ತಿ.

ಆಮೇಲಿನದ್ದು ನಿನಗೆ ಹೇಳಿಲ್ಲ. ಕಾಶೆವ್ವ ಕಾಕು ಸಂತೆಗೆ ಬಂದಾಗಲೆಲ್ಲ ನನ್ನನ್ನು ಹುಡುಕಿಕೊಂಡು ಬಂದು, ಮಗನ ಓದು ಎಲ್ಲಿಗೆ ಬಂತೆಂದು ಕೇಳತೊಡಗಿದರು. ಆ ಮುಖ ನೋಡಲಾಗದೆ ಒಂದು ವಿಷಯದ ಹೆಸರು ಹೇಳಿ, ಅದರಲ್ಲಿ ಪಾಸಾಗಿದ್ದಾನೆ ಎಂದುಬಿಟ್ಟೆ. ಸಂಜೆ ಸೈಟು ತೆರೆದರೆ ಅದೇ ವಿಷಯಕ್ಕೆ ಗುರುತು ಬಿದ್ದಿತ್ತು. ನಿನ್ನದೇ ಕಿತಾಪತಿ ಎಂದುಕೊಂಡು ಮನಸ್ಸಿನಲ್ಲೇ ಚೆನ್ನಾಗಿ ಬೈದು, ಪಾಸ್‌ವರ್ಡ್ ಬದಲಿಸಿದೆ. ಮುಂದಿನ ಸಂತೆಗೆ ನಾನು ಏನೂ ಹೇಳಲಿಲ್ಲ. ಆದರೂ ಮತ್ತೊಂದಕ್ಕೆ ಬಿತ್ತು. ಸೈಬರ್ ನಡೆಸುವ ಯಲ್ಲಾರಿ ಎಲ್ಲ ತಪಾಸು ಮಾಡಿ, ಹೊರಗಿನವರು ಯಾರೂ ಒಳಗೆ ಬಂದಿಲ್ಲ ಎಂದ. ಈಗ ನಾನು ಆ ಪುಟ ತೆರೆಯುತ್ತಲೇ ಅವನು ಚಹಾದ ನೆಪ ಹೇಳಿ ಎದ್ದು ಹೋಗುತ್ತಾನೆ. ಬೇರೆ ಯಾರ ಪುಟದಲ್ಲೂ ಇಂಥದ್ದಿಲ್ಲ. ಸೋಮನ ಏಳನೆಯದು ಪೂರ್ತಿ ಮುಗಿದಿದೆ ಶೋಭಾ. ನಮ್ಮ ಪರೀಕ್ಷೆಯೇ ಇನ್ನೂ ಆಗಿಲ್ಲ.

ಮೊನ್ನೆ ಎಂಟನೆಯದು ತೆರೆದುಕೊಂಡಿತು. ಅದರ ವಿಷಯಗಳನ್ನೂ ಆರಿಸಿಯಾಗಿದೆ. ಬೆಳಗಿನ ಒಂಬತ್ತರ ಕ್ಲಾಸು ಒಂದೂ ಇಲ್ಲ. ನಾಗನೂರಿನ ಬಸ್ಸು ಅಷ್ಟು ಬೇಗ ಬರುವುದಿಲ್ಲವೆಂದು ಅವನು ಒಂಬತ್ತರ ಕ್ಲಾಸು ಯಾವತ್ತೂ ಹಾಕಿಕೊಳ್ಳುತ್ತಿರಲಿಲ್ಲ. ನಮ್ಮಿಬ್ಬರನ್ನು ಬಿಟ್ಟು ಅದು ಯಾರಿಗೆ ಗೊತ್ತು?

ಕಾಶೆವ್ವ ಕಾಕುಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಇದೇನೋ ಸರಿಯಿಲ್ಲ, ಮುಚ್ಚಿಬಿಡುತ್ತೇನೆ ಎಂದೆ. ಅವರು ಹೆದರಲಿಲ್ಲ. ನನ್ನ ಕೈ ಹಿಡಿದುಕೊಂಡು ಮೆಲ್ಲಗೆ, “ಮುಗಸ್ಲಿ ಬಿಡವಾ. ಮುಗದ ಮ್ಯಾಲ ಮನಿಗಿ ಬರ್ತಾನಲ್ಲ,” ಎಂದರು. ಸೈಟು ಮುಚ್ಚಿದರೆ ಆ ತಾಯಿ ಮಗನನ್ನು ಇನ್ನೊಂದು ಸಲ ಕಳೆದುಕೊಳ್ಳುತ್ತಾರೆ. ಅದನ್ನು ನೆನೆದು ಎರಡು ದಿನ ಸುಮ್ಮನಿದ್ದೆ.

ಆದರೂ ಮುಚ್ಚಲೇಬೇಕು. ಎಂಟನೆಯದರಲ್ಲಿ ಪ್ರಾಜೆಕ್ಟ್ ಇದೆಯಲ್ಲ, ಅದನ್ನು ಒಬ್ಬರೇ ಮಾಡುವಂತಿಲ್ಲ. ಜೋಡಿಯ ಹೆಸರು ತುಂಬಿದ ಕೂಡಲೇ ಇಬ್ಬರ ವೇಳಾಪಟ್ಟಿ ಒಂದೇ ಆಗುತ್ತದೆ, ಒಬ್ಬರು ಇದ್ದಲ್ಲಿ ಇನ್ನೊಬ್ಬರೂ ಇರಬೇಕು. ಹಾಗೆ ಬರೆದಿಟ್ಟವರು ನಾವೇ. ಸೋಮನ ಪುಟದಲ್ಲಿ ಆ ಜಾಗ ಇನ್ನೂ ಖಾಲಿ ಇದೆ. ನಾಳೆ ಕಾಕು ಬರುತ್ತಾರೆ. ಅವರನ್ನು ಬಾಜೂ ಕೂರಿಸಿಕೊಂಡು, ಅವರ ಕಣ್ಣೆದುರಿಗೇ ಮುಚ್ಚುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ, ಅತ್ತರೆ ಜೊತೆಗೆ ಅಳುತ್ತೇನೆ.

ನೀನು ಸದ್ಯಕ್ಕೆ ಗೋಕಾಕಿಗೆ ಬರಬೇಡ. ಅವ್ವನ ಹತ್ತಿರವೇ ಇರು, ಹೊಟ್ಟೆ ತುಂಬ ಉಣ್ಣು, ಒಬ್ಬಳೇ ಎಲ್ಲೂ ಹೋಗಬೇಡ.

ಬೈಗುಳ ಬಾಕಿ ಇಟ್ಟುಕೊಂಡಿರುವ ನಿನ್ನ
ತ್ರಿಶಲಾ

ತಾ.ಕ.: ಆ ಜಾಗ ಖಾಲಿ ಇದೆ ಎಂದು ಬರೆದದ್ದು ಸುಳ್ಳು. ಬೆಳಿಗ್ಗೆಯಿಂದ ಅಲ್ಲಿ ನಿನ್ನ ಹೆಸರಿದೆ. ಅಳಿಸಿ ನನ್ನ ಹೆಸರು ಹಾಕಿದೆ. ನನ್ನದು ಹೋಗಿ ಮತ್ತೆ ನಿನ್ನದೇ ಬಂತು. ಇನ್ನು ನಾಳೆಯವರೆಗೆ ಕಾಯುವುದಿಲ್ಲ. ಈ ಕಾಗದವನ್ನು ಮೂಡಲಗಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ನೇರ ಸೈಬರಿಗೆ ಹೋಗುತ್ತೇನೆ. ಅಷ್ಟರೊಳಗೆ ಸೋಮನ ದನಿಯಲ್ಲಿ ಯಾರಾದರೂ ಕರೆದರೆ ಓಗೊಡಬೇಡ ಶೋಭಾ. ನನ್ನನ್ನು ಕರೆದಿದ್ದರೆ ನಾನು ಹೋಗಿಬಿಡುತ್ತಿದ್ದೆ.