ಎಂಬತ್ತೊಂದು ಚೌಕ, ಕಪ್ಪು-ಬಿಳುಪಿನಲ್ಲಿ

ಆಗಸ್ಟ್ 6, ಮಂಗಳವಾರ

ಇವತ್ತೂ ಒಂಬತ್ತಕ್ಕೇ ಶುರು. ಬೆಳಗಿನ ಪಾತ್ರೆ ಸಿಂಕಿನಲ್ಲೇ ಬಿದ್ದಿವೆ, ಬಿದ್ದಿರಲಿ. ಕೌದಿಗೆ ಎಂಬತ್ತೊಂದು ಚೌಕ ಕತ್ತರಿಸಿ ಆಯಿತು. ಅವ್ವನ ಇಳಕಲ್ ಸೀರೆ ನಾಲ್ಕು, ನನ್ನ ಹಳೆಯ ಕಾಟನ್ ಆರು. ಎಲ್ಲವನ್ನೂ ಒಂದು ಫ್ಲಾನೆಲ್ ಬೆಡ್‌ಶೀಟಿಗೆ ಪಿನ್ ಮಾಡಿದೆ. ಹೊಲಿಯುವ ಮೊದಲು ಒಮ್ಮೆ ದೂರ ನಿಂತು ನೋಡಬೇಕು. ಅಷ್ಟು ದೊಡ್ಡ ಖಾಲಿ ಗೋಡೆ ಈ ಮನೆಯಲ್ಲಿ ಎಲ್ಲಿದೆ...

ಉಪಾಯ ಇವರದು. ಮೇಲಿನ ಮಹಡಿಯ ರೇಲಿಂಗ್‌ನಿಂದ ಶೀಟ್ ಇಳಿಬಿಡುವುದು. ನಾನು ಕೆಳಗೆ ಮುಂಬಾಗಿಲ ಹತ್ತಿರ ನಿಂತು ಫೋನಿನಲ್ಲಿ ಫೋಟೋ ತೆಗೆಯುವುದು. ಮೂವತ್ತು ವರ್ಷ ಸೇತುವೆ ರಿಪೇರಿ ಮಾಡಿಸಿದ ಇಂಜಿನಿಯರ್, ತಲೆ ಚೆನ್ನಾಗಿ ಓಡುತ್ತದೆ. ಕ್ಲಿಪ್ ಹಾಕಿದರೆ ಮಧ್ಯದಲ್ಲಿ ಜೋತು ಬೀಳುತ್ತಿತ್ತು. ಅದಕ್ಕೆ ಎರಡೂ ಕೈ ಅಗಲಿಸಿ ತಾವೇ ಹಿಡಿದು ನಿಂತರು.

"ಬಲಗಡೆ ಇಳದೈತ್ರೀ, ಸ್ವಲ್ಪ ಮ್ಯಾಲೆ" ಅಂದೆ.

"ಆತು ಮೇಡಂ" ಅಂದರು.

ಕೌದಿ ಅಕ್ಷಯಾಗೆ. ಮಗಳಿಗೆ ಇಪ್ಪತ್ತೊಂಬತ್ತು, ಈ ಲಾಂಗ್ ಐಲ್ಯಾಂಡ್ ಬಿಟ್ಟು ಹೋಬೋಕನ್‌ನಲ್ಲಿ ಒಬ್ಬಳೇ ಅಪಾರ್ಟ್‌ಮೆಂಟ್ ಮಾಡಿದ್ದಾಳೆ. ಚಳಿ ಹಿಡಿಯುವ ಮೊದಲು ಮುಗಿಸಬೇಕು.

ಆಗಸ್ಟ್ 11, ಭಾನುವಾರ

ಬೆಲ್‌ರೋಸ್‌ನಿಂದ ರಾಜಿ ಬಂದಿದ್ದರು. ಲೈಬ್ರರಿಯ ಕ್ವಿಲ್ಟ್ ಗುಂಪಿನಲ್ಲಿ ನಮಗೆಲ್ಲ ಅವರೇ ಗುರು. ನನ್ನ ಫೋಟೋ ನೋಡಿ ಮುಖ ಸಿಂಡರಿಸಿದರು.

"ಬಣ್ಣ ಕಣ್ಣಿಗೆ ಮೋಸ ಮಾಡತ್ತೆ ಗಿರಿಜಾ. ಬ್ಲ್ಯಾಕ್ ಅಂಡ್ ವೈಟ್ ಮಾಡಿ ನೋಡಿ. ಯಾವುದು ತಿಳಿ, ಯಾವುದು ಗಾಢ ಅಂತ ಆಗ ತಿಳಿಯತ್ತೆ. ಸುತ್ತ ಇರೋದನ್ನೆಲ್ಲ ಕ್ರಾಪ್ ಮಾಡಿಬಿಡಿ, ಇಲ್ಲಾಂದ್ರೆ ಕಣ್ಣು ಅಲ್ಲಿಗೇ ಹೋಗತ್ತೆ."

ಸುತ್ತ ಇದ್ದದ್ದು ರೇಲಿಂಗ್, ಮೇಲೆ ಇವರ ತಲೆ. ಕ್ರಾಪ್ ಮಾಡಿದೆ. ಕಪ್ಪು-ಬಿಳುಪು ಮಾಡಿದೆ. ಅಬ್ಬಾ. ಕೆಂಪು ಇಳಕಲ್, ಹಸಿರು ಕಾಟನ್ ಎರಡೂ ಒಂದೇ ಬೂದಿ ಬಣ್ಣ. ಎಡಗಡೆಯ ಮೂರು ಸಾಲು ಒಂದೇ ಮುದ್ದೆ. ಇಷ್ಟು ದಿನ ಬರೀ ಕಣ್ಣಲ್ಲಿ ನೋಡಿ ಚಂದ ಇದೆ ಅಂದುಕೊಂಡಿದ್ದೆನಲ್ಲ. ಅರ್ಧ ಬಿಚ್ಚಿ ಮತ್ತೆ ಪಿನ್ ಮಾಡಬೇಕು.

ಇನ್ನು ಮೇಲೆ ದಿನಕ್ಕೊಂದು ಫೋಟೋ.

ಆಗಸ್ಟ್ 24, ಶನಿವಾರ

ಐದನೇ ಸಾಲಿನ ಎರಡು ಗಾಢ ಚೌಕ ಅಂಚಿಗೆ ಹೋದವು. ಈಗ ಕಣ್ಣು ಸರಾಗವಾಗಿ ಓಡುತ್ತದೆ. ಖುಷಿ.

ಇವರು ನೆಟ್ಟಗೆ ನಿಲ್ಲುವುದಿಲ್ಲ. ಫೋಟೋ ತೆಗೆಯುವಾಗಲೇ ಒಂದು ಕೈ ಬಿಟ್ಟು ಹೊಟ್ಟೆ ಕೆರೆದುಕೊಂಡರು.

"ಮೈಯೆಲ್ಲಾ ಕೆರೀತೈತಿ ಗಿರಿಜಾ. ರಾತ್ರಿ ನಿದ್ದಿ ಇಲ್ಲ."

"ಅಲ್ಲಾಡಬ್ಯಾಡ್ರೀ, ಬ್ಲರ್ ಆಗ್ತೈತಿ."

ಇಡೀ ದಿನ ಬಿಸಿಲಲ್ಲಿ ಟೊಮ್ಯಾಟೊ ಗಿಡದ ಜೊತೆ ನಿಂತರೆ ಚರ್ಮ ಒಣಗದೆ ಏನಾದೀತು. ಲೋಷನ್ ತಂದುಕೊಟ್ಟೆ. ಊಟದಲ್ಲಿ ಅನ್ನ ಬಿಟ್ಟರು. ಸೆಕೆಗಿರಬೇಕು.

ಸೆಪ್ಟೆಂಬರ್ 9, ಸೋಮವಾರ

ಇವತ್ತು ಶೀಟಿನ ಒಂದು ಮೂಲೆ ಕೈಜಾರಿ ಕೆಳಗೆ ಬಂತು. ಹದಿನೈದು ಪಿನ್ ಉದುರಿದವು, ಒಂದು ನನ್ನ ಕಾಲಿಗೇ ಚುಚ್ಚಿತು. ಬೈದೆ.

"ಕೈ ಸೋತಾವು" ಅಂದರು ಮೇಲಿನಿಂದ.

ಪ್ಯಾಂಟ್ ಜಾರುತ್ತದಂತೆ, ಬೆಲ್ಟಿಗೆ ಹೊಸ ತೂತು ಹಾಕಿಕೊಂಡಿದ್ದಾರೆ. ತೂಕ ಇಳಿಸಿ ಎಂದು ಡಾಕ್ಟರ್ ಎರಡು ವರ್ಷದಿಂದ ಹೇಳುತ್ತಿದ್ದರಲ್ಲ. "ಛಲೋ ಆತು ಬಿಡ್ರಿ" ಅಂದೆ. ಮೇಲಿನ ಅಂಚು ಪಕ್ಕಾ ಆಯಿತು. ಇನ್ನು ನಡುವಿನ ಗುಲಾಬಿ ಚೌಕ ಒಂದೇ ಕಾಟ ಕೊಡುತ್ತಿದೆ.

ಅಕ್ಟೋಬರ್ 12, ಶನಿವಾರ. ಸಂಜೆ 7

ಈಗಲೇ ಬರೆದಿಡುತ್ತೇನೆ.

ದಸರಾ ಊಟಕ್ಕೆ ಹೋಗಿದ್ದೆವು, ಇಲ್ಲೇ ಜೆರಿಕೋದಲ್ಲಿ, ಧಾರವಾಡದವರ ಮನೆ. ಊಟಕ್ಕೆ ಮೊದಲು ಬನ್ನಿ ಕೊಡುವುದು. ಇವರು ಎಲ್ಲರ ಕೈಗೂ ಎಲೆ ಕೊಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎನ್ನುತ್ತಾ ಬಂದರು. ಅಲ್ಲಿ ಸುಮೀತ್ ಇದ್ದ, ನಮ್ಮ ಕಣ್ಣೆದುರೇ ಬೆಳೆದ ಹುಡುಗ, ಈಗ ಡಾಕ್ಟರ್. ಎಲೆ ತೆಗೆದುಕೊಂಡವನು ಇವರ ಕೈ ಬಿಡಲಿಲ್ಲ.

"ಅಂಕಲ್, ಒಂದ್ನಿಮಿಷ ಕಿಟಕಿ ಹತ್ರ ಬನ್ನಿ."

ರೆಪ್ಪೆ ಕೆಳಗೆ ಎಳೆದು ನೋಡಿದ. ಆಮೇಲೆ ನನ್ನ ಕಡೆ ತಿರುಗಿದ. "ಆಂಟಿ, ಇದು ಎಷ್ಟು ದಿನದಿಂದ ಹೀಗಿದೆ?"

ನೋಡಿದೆ. ಹಗಲು ಬೆಳಕಿನಲ್ಲಿ, ಎದುರು ನಿಂತು. ಕಣ್ಣಿನ ಬಿಳಿ ಭಾಗ ಅರಿಸಿನದ ನೀರಿನ ಹಾಗೆ. ಇಪ್ಪತ್ತಾರು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಕಂಡವರ ಕಾಮಾಲೆಯ ರಿಪೋರ್ಟ್ ಬರೆದು ರಿಟೈರ್ ಆದವಳು ನಾನು. "ಗೊತ್ತಿಲ್ಲ" ಅಂದೆ.

ಊಟ ಮಾಡದೆ ಬಂದೆವು.

ಅಕ್ಟೋಬರ್ 17, ಗುರುವಾರ

ಪ್ಯಾಂಕ್ರಿಯಾಸ್ ಕ್ಯಾನ್ಸರ್. ಲಿವರ್‌ಗೂ ಹೋಗಿದೆ.

ಸರ್ಜನ್ ಒಳ್ಳೆಯ ಮನುಷ್ಯ, ಮೆಲ್ಲಗೆ ಹೇಳಿದರು. ಈಗ ಆಪರೇಷನ್ ಆಗುವುದಿಲ್ಲ. ಆರೇಳು ವಾರ ಮೊದಲು ಸಿಕ್ಕಿದ್ದರೆ ಯೋಚನೆ ಮಾಡಬಹುದಿತ್ತೋ ಏನೋ, ಖಂಡಿತ ಹೇಳಲಾರೆ ಅಂದರು. ಹಳದಿ ಯಾವಾಗ ಶುರುವಾಯಿತು ಎಂದು ಕೇಳಿದರು. "ಹೋದ ವಾರ" ಅಂದೆ. ಜೊತೆಗೆ ಬಂದಿದ್ದ ಅಕ್ಷಯಾ ಫೋನಿನಲ್ಲಿ ಬರೆದುಕೊಂಡಳು.

ವಾಪಸ್ ಬರುವಾಗ ಅವಳೇ ಡ್ರೈವ್ ಮಾಡಿದಳು. ಇವರು ಪಕ್ಕದಲ್ಲಿ, ನಾನು ಹಿಂದೆ. ಎಕ್ಸ್‌ಪ್ರೆಸ್‌ವೇ ಮೇಲೆ ಒಮ್ಮೆಲೇ ಕೂಗಾಡಿದಳು. ತೂಕ ಇಳಿದಿದೆ, ಮೈ ಕೆರೆದಿದೆ, ಊಟ ಸೇರಿಲ್ಲ, ಇಷ್ಟೆಲ್ಲ ಆಗುತ್ತಿದ್ದರೂ...

"ವೈ ಡಿಡಂಟ್ ಯು ಟೆಲ್ ಎನಿಬಡಿ, ಅಪ್ಪಾ? ಯು ಹೈಡ್ ಎವೆರಿಥಿಂಗ್. ಯು ಆಲ್ವೇಸ್ ಡೂ ದಿಸ್."

ಇವರು ಸೀಟ್ ಬೆಲ್ಟ್ ಸರಿಮಾಡಿಕೊಂಡರು. ಮುಚ್ಚಿಟ್ಟಿರಲಿಲ್ಲ ಇವರು. ಹೇಳಿದ್ದರು. ರೇಲಿಂಗ್ ಹಿಂದೆ ನಿಂತು, ಒಂದಲ್ಲ, ಮೂರು ನಾಲ್ಕು ಸಲ ಹೇಳಿದ್ದರು. ಬಾಯಿ ತೆರೆದೆ. ಮುಚ್ಚಿದೆ. ಮನೆ ಬಂತು.

ಅಕ್ಟೋಬರ್ 20, ಭಾನುವಾರ

ಫೋನಿನಲ್ಲಿ ಕೌದಿಯ ಫೋಟೋ ನಲವತ್ತೇಳು ಇವೆ. ಎಲ್ಲ ಕಪ್ಪು-ಬಿಳುಪು, ಎಲ್ಲ ಚೌಕಾಕಾರಕ್ಕೆ ಕತ್ತರಿಸಿದ್ದು. ರಿವರ್ಟ್ ಒತ್ತಿದರೆ ಮೂಲ ಫೋಟೋ ಬರುತ್ತದೆಂದು ಗೊತ್ತಿತ್ತು. ಮೂರು ದಿನದಿಂದ ಗೊತ್ತಿತ್ತು. ಇವತ್ತು ಒತ್ತಿದೆ.

ಆಗಸ್ಟ್ 6. ಶೀಟಿನ ಮೇಲೆ ಇವರ ಮುಖ, ದುಂಡಗೆ. ಕಣ್ಣು ಬೆಳ್ಳಗಿದೆ.

ಆಗಸ್ಟ್ 20. ಬೆಳ್ಳಗೆ... ಇರಬಹುದು.

ಆಗಸ್ಟ್ 29. ಹಳದಿ. ಅನುಮಾನವೇ ಇಲ್ಲ.

ಅಲ್ಲಿಂದ ಮುಂದೆ ಒಂದೊಂದರಲ್ಲೂ ಹೆಚ್ಚು. ಕೆನ್ನೆ ಒಳಗೆ ಹೋಗುತ್ತಾ ಬಂದಿದೆ. ಬೆರಳಿನಲ್ಲಿ ಉಂಗುರ ಗೆಣ್ಣಿನವರೆಗೆ ಜಾರಿದೆ. ಜೊತೆಯಲ್ಲೇ ಇರುವವರಿಗೆ ದಿನದಿನದ ಬದಲಾವಣೆ ಕಾಣುವುದಿಲ್ಲ ಎಂದು ಸುಮೀತ್ ಸಮಾಧಾನ ಹೇಳಿದ್ದ. ನನಗೆ ಆ ಸಮಾಧಾನವೂ ಇಲ್ಲ. ಹೆಚ್ಚುಕಡಿಮೆ ದಿನಕ್ಕೊಂದು ಫೋಟೋ ತೆಗೆದಿದ್ದೇನೆ. ತೆಗೆದು, ಬಣ್ಣ ಅಳಿಸಿ, ಇವರ ತಲೆ ಕತ್ತರಿಸಿ, ಬಟ್ಟೆ ನೋಡಿದ್ದೇನೆ. ನನ್ನಂಥ ದಡ್ಡಿ ಲಾಂಗ್ ಐಲ್ಯಾಂಡಿನಲ್ಲೇ ಇರಲಿಕ್ಕಿಲ್ಲ.

ಏಳು ವಾರ. ಆಗಸ್ಟ್ 29ರಿಂದ ಸರ್ಜನ್ ಹೇಳಿದ ದಿನಕ್ಕೆ ಎಣಿಸಿ ನೋಡಿದರೆ ಸರಿಯಾಗಿ ಏಳು ವಾರ.

ಶೀಟನ್ನು ಪಿನ್ ಸಮೇತ ಸುತ್ತಿ ಕ್ಲಾಸೆಟ್‌ಗೆ ತುರುಕಿದೆ.

ನವೆಂಬರ್ 9, ಶನಿವಾರ

ಇವತ್ತು ಇವರಿಗೆ ಆ ಫೋಟೋಗಳನ್ನು ತೋರಿಸಿದೆ. ಮಧ್ಯಾಹ್ನ ಗಂಜಿ ಎರಡು ಚಮಚ ಕುಡಿದು ದಿಂಬಿಗೆ ಒರಗಿದ್ದರು. ಮಂಚದ ಮೇಲೆ ಪಕ್ಕ ಕೂತು ಒಂದೊಂದೇ ಸರಿಸಿದೆ.

ಬಹಳ ಹೊತ್ತು ನೋಡಿದರು. ತಮ್ಮ ಮುಖ ನೋಡುತ್ತಿದ್ದಾರೆ ಅಂದುಕೊಂಡೆ.

"ಮೂರನೇ ಸಾಲು ಮೊದಲಿದ್ದದ್ದ ಛಲೋ ಇತ್ತು. ಸುಮ್ನ ಬದಲಿ ಮಾಡಿದಿ" ಅಂದರು.

ಆಗ ಅತ್ತುಬಿಟ್ಟೆ. ನೀವು ಹೇಳಿದ್ದಿರಿ, ನಾನು ಕೇಳಲಿಲ್ಲ, ಅಕ್ಷಯಾ ಮುಂದೆಯೂ ಬಾಯಿ ಬಿಡಲಿಲ್ಲ. ಇಂದೇ ಫೋನ್ ಮಾಡಿ ಅವಳಿಗೆ ಹೇಳುತ್ತೇನೆ ಅಂದೆ.

"ಹೇಳಬ್ಯಾಡ."

"ಆಕಿ ನಿಮ್ಮ ಮ್ಯಾಲೆ ಸಿಟ್ಟಾಗ್ಯಾಳ್ರೀ."

"ಆಗ್ಲಿ. ನಾ ಹೊಂಟಾಂವ, ನನ್ನ ಮ್ಯಾಲಿನ ಸಿಟ್ಟು ನನ್ನ ಜೋಡೀನ ಹೋಗ್ತೈತಿ. ನೀ ಇರಾಕಿ. ನಿನಗ ಆಕಿನ್ನ ಬಿಟ್ರ ಇಲ್ಲಿ ಯಾರದಾರ?"

ಆಮೇಲೆ ನಿದ್ದೆ ಹೋದರು. ನಾನು ಫೋನ್ ಹಿಡಿದುಕೊಂಡು ಕೂತೇ ಇದ್ದೆ. ಮಾಡಲಿಲ್ಲ.

ನವೆಂಬರ್ 28, ಥ್ಯಾಂಕ್ಸ್‌ಗಿವಿಂಗ್

ಅಕ್ಷಯಾ ಬಂದು ಹೋದಳು. ಮಾತ್ರೆಗಳನ್ನೆಲ್ಲ ವಾರದ ಡಬ್ಬಿಗೆ ತುಂಬಿದಳು, ಹಾಸಿಗೆ ಬದಲಿಸಿದಳು, ನರ್ಸ್ ಜೊತೆ ಮಾತಾಡಿದಳು. ಅಪ್ಪನ ಹತ್ತಿರ ಕೂರಲಿಲ್ಲ. "ಅಪ್ಪ, ವಾಟರ್?" "ಅಪ್ಪ, ಪಿಲ್ಲೋ?" ಅಷ್ಟೇ. ಹೊರಡುವಾಗ ಬಾಗಿಲಲ್ಲಿ ನಿಂತು ಕೈ ಬೀಸಿದಳು.

ಇವರು ಅವಳು ಹೋದ ಕಡೆಯೇ ನೋಡುತ್ತಿದ್ದರು. ಆಮೇಲೆ ನನ್ನ ಕೈ ಒತ್ತಿದರು. ಹೇಳಬೇಡ ಎಂದೇ ಅರ್ಥ. ಹೆಂಗಸು ನಾನು, ಹೆತ್ತ ತಾಯಿ, ಗಂಡನ ಬೆನ್ನ ಹಿಂದೆ ಅಡಗಿ ಕೂತಿದ್ದೇನೆ. ಅದೂ ಏಳಲಾಗದ ಗಂಡನ ಹಿಂದೆ.

ಡಿಸೆಂಬರ್ 15, ಭಾನುವಾರ

ಬುಧವಾರ ಬೆಳಿಗ್ಗೆ ಹೋದರು. ಶುಕ್ರವಾರ ಮಣ್ಣು.

ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಇಲ್ಲಿಯ ಸ್ಮಶಾನದಲ್ಲಿ ಅದಾಗುವುದಿಲ್ಲವಂತೆ, ಮಲಗಿಸಿದರು. ಕೈಯಲ್ಲಿ ಲಿಂಗ ಇಟ್ಟು ಬೆರಳು ಮಡಿಸಿದ್ದು ಅಕ್ಷಯಾ. ಫಲಕದ ಮೇಲೆ ಬಸವಲಿಂಗಪ್ಪ ಎಂದು ಪೂರ್ತಿ ಹೆಸರು. ಆಫೀಸಿನಲ್ಲಿ ಎಲ್ಲರೂ ಬಾಸ್ ಎನ್ನುತ್ತಿದ್ದರು.

ಬೇರೆ ಬರೆಯಲಾರೆ.

ಜನವರಿ 5, ಭಾನುವಾರ

ಅಕ್ಷಯಾ ಎರಡು ದಿನ ಇದ್ದಳು. ಸ್ಟೇಷನ್‌ಗೆ ಬಿಡಲು ಹೋಗುವಾಗ ಕಾರಿನಲ್ಲಿ ತಾನಾಗಿಯೇ ಶುರು ಮಾಡಿದಳು.

"ಯು ನೋ ವಾಟ್ ಅವರ್ ಲಾಸ್ಟ್ ರಿಯಲ್ ಕಾನ್ವರ್ಸೇಷನ್ ವಾಸ್? ಮಿ ಯೆಲ್ಲಿಂಗ್ ಅಟ್ ಹಿಮ್ ಆನ್ ದ ಎಕ್ಸ್‌ಪ್ರೆಸ್‌ವೇ."

ಈಗಲೂ ಸಿಟ್ಟಿದೆಯಂತೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಂಡಿರುವುದಕ್ಕೆ ತನ್ನ ಮೇಲೂ ಸಿಟ್ಟಂತೆ. ಥೆರಪಿಸ್ಟ್ ಹತ್ತಿರ ಹೋಗುತ್ತಿದ್ದಾಳೆ. ನಿದ್ದೆ ಇಲ್ಲ.

ಸಿಟ್ಟು ಜೊತೆಯಲ್ಲೇ ಹೋಗುತ್ತದೆ ಅಂದಿದ್ದರು ಇವರು. ಹೋಗಲಿಲ್ಲ. ಇವರ ಲೆಕ್ಕ ತಪ್ಪಿತು. ರೈಲು ಬಂತು, ಅವಳು ಇಳಿದು ಹೋದಳು, ನಾನು ಹಿಕ್ಸ್‌ವಿಲ್ ಪಾರ್ಕಿಂಗ್ ಲಾಟಿನಲ್ಲಿ ಅರ್ಧ ಗಂಟೆ ಕೂತಿದ್ದೆ. ಹೇಳಿದರೆ ಅವಳು ನನ್ನನ್ನು ಬಿಡುತ್ತಾಳೆ. ಹೇಳದಿದ್ದರೆ ಅವಳು ಅಪ್ಪನನ್ನು ಹೀಗೇ ಹೊತ್ತು ತಿರುಗುತ್ತಾಳೆ.

ಇವರ ಮಾತು ಮೀರುತ್ತೇನೆ. ಬರುವ ಭಾನುವಾರ.

ಜನವರಿ 12, ಭಾನುವಾರ

ಹೇಳಿದೆ. ಊಟಕ್ಕೆ ಮೊದಲೇ. ಊಟ ಆಗಲಿ ಎಂದರೆ ಹೇಳುವುದಿಲ್ಲ ಎಂದು ನನಗೆ ನನ್ನ ಬಗ್ಗೆ ಗೊತ್ತಿತ್ತು. ನಲವತ್ತೇಳನ್ನೂ ಬಣ್ಣಕ್ಕೆ ತಿರುಗಿಸಿ ಫೋನ್ ಅವಳ ಕೈಗೆ ಕೊಟ್ಟೆ.

"ನಿಮ್ಮಪ್ಪ ಮುಚ್ಚಿಟ್ಟಿರಲಿಲ್ಲ. ನನಗ ಹೇಳಿದ್ರು. ನಾ ಕೌದಿ ನೋಡಕೋತ ನಿಂತೆ. ಅವತ್ತು ಕಾರಿನ್ಯಾಗೂ ಬಾಯಿ ಬಿಡಲಿಲ್ಲ."

ಎರಡು ಫೋಟೋ ಸರಿಸಿ ತಲೆ ಎತ್ತಿದಳು.

"ಯು ಲೆಟ್ ಮಿ ಯೆಲ್ ಅಟ್ ಹಿಮ್."

"ಹೌದು."

"ಯು ವರ್ ಸಿಟ್ಟಿಂಗ್ ರೈಟ್ ದೇರ್."

"ಹೌದವ್ವಾ."

ಫೋನ್ ತೆಗೆದುಕೊಂಡು ಮೇಲೆ ಹೋದಳು. ತನ್ನ ಹಳೆಯ ರೂಮಿನ ಬಾಗಿಲು ಹಾಕಿಕೊಂಡಳು. ನಾನು ಊಟದ ಟೇಬಲ್ ಮುಂದೆ. ಸಾರು ಆರಿತು. ಒಂದು ಗಂಟೆಯೇ ಆಗಿರಬೇಕು. ಕೆಳಗೆ ಬಂದಾಗ ಮುಖ ಊದಿಕೊಂಡಿತ್ತು. ನೇರ ಕೋಟು ಹಾಕಿಕೊಂಡು ಹೊರಡುತ್ತಾಳೆ ಅಂದುಕೊಂಡೆ. ಒಂದು ಕುರ್ಚಿ ನಡುವೆ ಬಿಟ್ಟು ಕೂತಳು.

ಬೈಯಲಿಲ್ಲ. ಒಂದು ಫೋಟೋ ತೆರೆದು ನನ್ನ ಕಡೆ ತಿರುಗಿಸಿದಳು. ಸೆಪ್ಟೆಂಬರ್ 15. ಶೀಟಿನ ಮೇಲಿಂದ ಇವರು ನನ್ನನ್ನೇ ನೋಡುತ್ತಿದ್ದಾರೆ. ಕಣ್ಣು ಹಳದಿ. ಬಾಯಿ ತುಂಬ ನಗು.

"ಹೀ ಈಸ್ ಲಾಫಿಂಗ್. ವಾಟ್ ಡಿಡ್ ಯು ಸೇ ಟು ಹಿಮ್?"

ಗೊತ್ತಿಲ್ಲ. ಈ ನಗುವನ್ನು ನಾನು ನೋಡಿಯೇ ಇಲ್ಲ. ನೆನಪಿಲ್ಲ ಅಂದೆ.

"ಥಿಂಕ್, ಅಮ್ಮಾ. ಪ್ಲೀಸ್."

ಏಳೂವರೆ ರೈಲಿಗೆ ಹೋದಳು. ಊಬರ್ ಕರೆಸಿಕೊಂಡಳು, ನಾನು ಬಿಡುವುದು ಬೇಡವಂತೆ. ಮುಂದಿನ ಭಾನುವಾರ ಬರುತ್ತೀಯಾ ಎಂದು ಕೇಳಿದೆ. "ಐ ಡೋಂಟ್ ನೋ" ಅಂದಳು. ಬಾಗಿಲ ತನಕ ಹೋಗಿ ನಿಂತು, "ಬಟ್ ಕಾಲ್ ಮಿ ಇಫ್ ಯು ರಿಮೆಂಬರ್" ಅಂದಳು.

ಈ ಡೈರಿ ತಿರುವಿ ನೋಡಿದೆ. ಸೆಪ್ಟೆಂಬರ್ ಒಂಬತ್ತರ ನಂತರ ನೇರ ಅಕ್ಟೋಬರ್. ಆ ದಿನ ಏನೂ ಬರೆದಿಲ್ಲ. ಭಾನುವಾರ ಅದು. ಉಪ್ಪಿಟ್ಟು ಮಾಡಿದ್ದೆ, ಅರ್ಧ ತಿಂದಿದ್ದರು. ಆಮೇಲೆ ಶೀಟ್ ಹೆಗಲ ಮೇಲೆ ಹಾಕಿಕೊಂಡು ನಿಧಾನಕ್ಕೆ ಮೆಟ್ಟಿಲು ಹತ್ತಿದರು. ನಾನು ಬಾಗಿಲಿಗೆ ಒರಗಿ ಫೋನ್ ಎತ್ತಿದೆ. ಆಗ ಮೇಲಿನಿಂದ ಏನೋ ಕೇಳಿದರು, ನಾನು ಅದಕ್ಕೆ... ನೆನಪಾದರೆ ಮೊದಲು ಅವಳಿಗೆ ಫೋನ್, ಆಮೇಲೆ ಈ ಸಾಲು ಮುಗಿಸುತ್ತೇನೆ.