ಮುಟ್ಟುವ ಮೊದಲು ಒಂದು ಮಾತು

ಗಿರಿಜಕ್ಕಾರಿಗೆ, ನಿಮ್ಮ ಜಗಳಗಂಟಿ ಸಾವಿತ್ರಿಯ ಶರಣು.

ಕ್ಷೇಮ ಸಮಾಚಾರ ಹೇಗೆ ಕೇಳುವುದು ಅಂತ ತಿಳಿಯದೆ ಎರಡು ಹಾಳೆ ಹರಿದು ಹಾಕಿದೆ. ಹೋದವರ ಆರೋಗ್ಯ ವಿಚಾರಿಸುವುದು ಎಲ್ಲಾದರೂ ಉಂಟೇ? ಆದರೂ ಮೊಣಕಾಲು ನೋವಂತೂ ಹೋಗಿರಬೇಕು ಅಂತ ಅಂದುಕೊಂಡಿದ್ದೇನೆ. ನಾನು ಹಾನಗಲ್ಲಿನ ನಮ್ಮ ತರಬೇತಿ ಕೇಂದ್ರದಲ್ಲೇ, ನಿಮ್ಮ ಕುರ್ಚಿಯ ಪಕ್ಕದ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ಕೆಳಗಿನ ಗೊಬ್ಬರದ ಅಂಗಡಿಯ ವಾಸನೆ ಮೊದಲಿನ ಹಾಗೇ ಮೆಟ್ಟಿಲು ಹತ್ತಿ ಬರುತ್ತಿದೆ. ನಿಮಗೆ ಚಿಕ್ಕೇರೂರಿನ ಮಂಜವ್ವನ ಸುದ್ದಿ ಹೇಳಬೇಕಿದೆ. ಆಸ್ಪತ್ರೆಯ ಹಾಸಿಗೆಯ ಮೇಲೂ ನೀವು ಕೇಳುತ್ತಿದ್ದದ್ದು ಅದೊಂದನ್ನೇ ಅಲ್ಲವೇ? ಆದರೆ ಸುದ್ದಿಯನ್ನು ಬಾಗಿಲಲ್ಲೇ ಹೇಳಿಬಿಡುವ ಜಾತಿ ನನ್ನದಲ್ಲ, ನಿಮಗೆ ಗೊತ್ತು. ಎಲಡಿಕೆ ಹಾಕಿಕೊಂಡು ಕೂತ್ಕೊಳ್ಳಿ.

ನಾನು ಮೊದಲ ಸಲ ನಿಮ್ಮ ಕೈಗೆ ಸಿಕ್ಕ ದಿನ ನೆನಪಿದೆಯೇ? ಹಾಸಿಗೆ ಹಿಡಿದವರನ್ನು ಮನೆಯಲ್ಲೇ ನೋಡಿಕೊಳ್ಳುವ ಕೆಲಸಕ್ಕೆ ತರಬೇತಿ ಕೊಡುತ್ತಾರಂತೆ, ಕಲಿತರೆ ನೌಕರಿ ಸಿಗುತ್ತದಂತೆ ಅಂತ ಕೇಳಿ ಬಂದಿದ್ದೆ. ನೋಟ್‌ಬುಕ್ಕು, ಪೆನ್ನು ತೆಗೆದಿಟ್ಟುಕೊಂಡು ಶಾಲೆಯ ಹುಡುಗಿಯ ಹಾಗೆ ಕೂತಿದ್ದೆ. ನೀವು ಹಿಂದಿನಿಂದ ಬಂದವರೇ ನನ್ನ ಗದ್ದ ಹಿಡಿದು, ಒಂದು ಮಾತಿಲ್ಲದೆ, ಒದ್ದೆ ಅರಿವೆಯಿಂದ ಮುಖ ಒರೆಸಿಬಿಟ್ಟಿರಿ. ನಾನು ಕೈ ಕೊಡವಿ ಎದ್ದು ನಿಂತೆ. ‘ಏನ್ ಮಾಡಾಕತ್ತೀರಿ?’ ಅಂತ ಕೂಗಿಯೂಬಿಟ್ಟೆ. ನೀವು ನಕ್ಕಿರಿ.

‘ಸಿಟ್ಟು ಬಂತಿಲ್ಲೋ? ಮಂಚದ ಮ್ಯಾಲೆ ಮಲಗಿದವರಿಗೂ ಹಿಂಗ ಬರ್ತೈತಿ. ನೀ ಎದ್ದು ಬೈದಿ, ಅವರಿಗೆ ಏಳಾಕ ಆಗೂದಿಲ್ಲ, ಅಷ್ಟ ಫರಕು. ಮುಟ್ಟೂಕಿಂತ ಮೊದಲ ಒಂದ ಮಾತು ಹೇಳ್ರಿ. ನಿಮ್ಮ ಕೈ ಎತ್ತತೇನಿ, ನಿಮ್ಮನ್ನ ಈ ಕಡೆ ಹೊಳ್ಳಸ್ತೇನಿ ಅಂತ ಹೇಳ್ರಿ. ಉಳಿದದ್ದೆಲ್ಲಾ ಕೈ ತಾನ ಕಲೀತೈತಿ.’

ಸರಕಾರಿ ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿ ನಿವೃತ್ತಿಯಾದ ಮೇಲೂ ಮನೆಯಲ್ಲಿ ಕೂರದೆ, ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಅಂತ ಬಸ್ಸು ಹತ್ತಿ ಇಳಿದು ನೀವು ಹೇಳಿಕೊಂಡು ಬಂದದ್ದು ಇದಿಷ್ಟನ್ನೇ. ಎಷ್ಟು ಸಣ್ಣ ಪಾಠ! ಆದರೆ ಕಲಿಸುವ ಕಡೆ ಬಂದ ಮೇಲೆ ನೋಡಿದರೆ, ಹಾಸಿಗೆಯ ಚಾದರ ಬದಲಿಸುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು, ಈ ಒಂದು ಮಾತನ್ನು ಕಲಿಸಲು ಬ್ಯಾಚು ಮುಗಿದರೂ ಸಾಲುವುದಿಲ್ಲ.

ಗೊಂಬೆ ಹುಟ್ಟಿದ ದಿನ ಎಷ್ಟು ನಕ್ಕಿದ್ದೆವು. ತರಬೇತಿಯ ಸಾಮಗ್ರಿ ಬರುತ್ತದೆ, ಬರುತ್ತದೆ ಅಂತ ಮೇಲಿನವರು ಹೇಳುತ್ತಲೇ ಇದ್ದರು. ಕಾದು ಕಾದು ಸಾಕಾಗಿ, ನೀವು ಹಳೇ ಸೀರೆಗಳ ಗಂಟು ಹೊತ್ತು ಹುಲಗೂರಿನ ಹಸೀನಾಬಿಯ ಮನೆಗೆ ಹೋದಿರಿ. ಕೌದಿ ಹೊಲಿಯುವ ಕೈ ಆಕೆಯದು. ಕೈಗೆ, ಕಾಲಿಗೆ, ಸೊಂಟಕ್ಕೆ ಉಸುಕಿನ ಚೀಲ ಸೇರಿಸಿ, ಎತ್ತಿದರೆ ಮನುಷ್ಯನಷ್ಟೇ ಭಾರವೆನಿಸುವ ಗೊಂಬೆ ಮಾಡಿಕೊಟ್ಟಳು. ನೀವು ಅದಕ್ಕೆ ಧೋತರ ಉಡಿಸಿ, ಬಿಳೇ ಟೊಪ್ಪಿಗೆ ಇಟ್ಟು, ಹಣೆಗೆ ವಿಭೂತಿ ಎಳೆದು, ‘ಇವರು ನಿಮ್ಮೆಲ್ಲಾರ ಮಾವಾರು, ಮರ್ಯಾದಿಲೆ ನೋಡ್ಕೋರಿ’ ಅಂದಿರಿ. ತಮಾಷೆಗೆ ಇಟ್ಟ ಹೆಸರು. ಆದರೆ ನಮ್ಮ ಕಡೆಯ ಸೊಸೆಯಂದಿರ ಮುಂದೆ ಮಾವಾರು ಅಂದರೆ ಸುಮ್ಮನೇ? ಮರುದಿನದಿಂದ ಒಬ್ಬೊಬ್ಬಳೂ ಒಳಗೆ ಕಾಲಿಡುವಾಗ ತಲೆಯ ಮೇಲೆ ಸೆರಗು ಎಳೆದುಕೊಳ್ಳತೊಡಗಿದಳು. ಯಾರೂ ಆತನನ್ನು ದಾಟಲಿಲ್ಲ. ಹಬ್ಬದ ಮರುದಿನ ಆತನ ಕೈಯ ಹತ್ತಿರ ಯಾರೋ ಒಂದು ತುಂಡು ಹೋಳಿಗೆಯನ್ನೂ ಇಟ್ಟಿದ್ದರು. ಅದನ್ನು ತಿಂದವರು ನೀವೇ ಅಂತ ನನಗೆ ಈಗಲೂ ಗುಮಾನಿ.

ಮಂಜವ್ವ ಬಂದದ್ದು ಅದೇ ಗೊಂಬೆಯ ಮುಂದೆ. ಯಾಕೆ ಸೇರಬೇಕು ಅಂತೀಯ ಅಂದದ್ದಕ್ಕೆ ‘ನನಗ ಕೆಲಸ ಬೇಕ್ರಿ’ ಅಂದಳು. ಮನೆಯಲ್ಲಿ ಬೇಕಾದಷ್ಟು ಕೆಲಸ ಮಾಡುತ್ತೀಯಲ್ಲ ಅಂತ ನಾನು ಚುಚ್ಚಿದೆ. ‘ಅದು ಕೆಲಸ ಅಲ್ರಿ’ ಅಂದಳು. ಅಷ್ಟೇ. ಮುಂದೆ ತಿಂಗಳುಗಟ್ಟಲೆ ಆಕೆಯಿಂದ ಎರಡು ಮಾತು ಕೂಡಿಸಿ ಕೇಳಿದ್ದು ನೆನಪಿಲ್ಲ. ಆದರೆ ಆ ಕೈಗಳು! ರೊಟ್ಟಿ ಬಡಿದು ಹದಗೊಂಡ ಕೈ. ಮಲಗಿದವರ ಬೆನ್ನ ಕೆಳಗೆ ಅವು ಹೋದದ್ದೇ ತಿಳಿಯುತ್ತಿರಲಿಲ್ಲ. ನೀವು ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದಿರಿ, ನನಗೆ ಹೊಟ್ಟೆ ಉರಿಯುತ್ತಿತ್ತು.

ಮಾವಾರನ್ನು ಮಗ್ಗಲು ಬದಲಿಸಿ ಹೊಳ್ಳಿಸುವ ಪಾಳಿ ಆಕೆಗೆ ಬಂದ ದಿನವನ್ನು ಮರೆತಿರೇನು? ಆಕೆ ತಲೆ ತುಂಬ ಸೆರಗು ಹೊದ್ದು ಬಗ್ಗಿದಳು. ಹೇಳಿ ಮುಟ್ಟು ಅಂದರೆ ಬಾಯಿ ತೆರೆಯಲಿಲ್ಲ. ಕೈಯನ್ನು ಗೊಂಬೆಯ ಕಿವಿಯ ಹತ್ತಿರ ಒಯ್ದು ಬಳೆ ಸಪ್ಪಳ ಮಾಡಿದಳು. ಎಲ್ಲರೂ ನಕ್ಕರು, ನೀವು ಮಾತ್ರ ನಗಲಿಲ್ಲ. ಆಮೇಲೆ ತಿಳಿಯಿತು. ಮದುವೆಯಾಗಿ ಬಂದಾಗಿನಿಂದ ಆಕೆ ಮಾವನ ಮುಂದೆ ಮಾತಾಡಿದವಳಲ್ಲ. ಊಟಕ್ಕೆ ಏಳಿ ಅನ್ನುವುದಕ್ಕೂ ಗಂಗಾಳದ ಪಕ್ಕ ನಿಂತು ಬಳೆ ಆಡಿಸುವುದು, ಆತ ಎದ್ದು ಬರುವುದು. ಗಂಡ ಲಾರಿಯ ಮೇಲೆ ಊರೂರು ಸುತ್ತುವವನು. ಹಾಗಾಗಿ ಆ ಮನೆಯಲ್ಲಿ ಮಾತು ಅನ್ನುವುದೇ ಕಡಿಮೆ. ನಮ್ಮಲ್ಲೋ ಬಳೆಯ ಸಪ್ಪಳಕ್ಕೂ ಜಾಗವಿಲ್ಲ. ರೋಗಿಯ ಮೈಗೆ ಗೀರಬಾರದು ಅಂತ ಬಳೆಗಳನ್ನು ಮೇಲೇರಿಸಿ ಅರಿವೆ ಸುತ್ತಿಕೊಳ್ಳಬೇಕು ಅನ್ನುವುದು ನಿಮ್ಮದೇ ಕಾಯಿದೆ. ಅರಿವೆ ಸುತ್ತಿದ ಮೇಲೆ ಮಂಜವ್ವ ಪೂರ್ತಿ ಮೂಕಿಯಾದಳು.

ಪರೀಕ್ಷೆ ಹತ್ತಿರ ಬಂದಾಗ ನಾವಿಬ್ಬರೂ ಜಗಳಾಡಿದೆವು. ಮಾತಾಡದೆ ಮುಟ್ಟಿದರೆ ಫೇಲು, ಅದು ಪರೀಕ್ಷೆಯ ನಿಯಮ. ಅತ್ತ ಶಿಗ್ಗಾಂವಿಯ ಒಂದು ಮನೆಯವರು ಹಾಸಿಗೆ ಹಿಡಿದ ತಂದೆಗೆ ಒಬ್ಬಳು ಬೇಕು ಅಂತ ಕೇಳಿದ್ದರು. ಸರ್ಟಿಫಿಕೇಟು ಇದ್ದವಳೇ ಬೇಕು, ಬೇಗ ಬೇಕು ಅಂದಿದ್ದರು. ಮಂಜವ್ವ ಆ ಕೆಲಸದ ಮೇಲೆ ಜೀವ ಇಟ್ಟಿದ್ದಳು. ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಶಿಗ್ಗಾಂವಿಯ ಬಸ್ಸು ಎಷ್ಟು ಹೊತ್ತಿಗೆ ಅಂತ ಬೇರೆಯವರ ಕಡೆಯಿಂದ ನನ್ನನ್ನು ಕೇಳಿಸಿದ್ದಳು.

‘ಹೆಸರ ಬದಲಿ ಮಾಡೂಣ್ರಿ ಅಕ್ಕಾರ. ಮಾವಾರು ಬ್ಯಾಡ, ಗುಂಡಪ್ಪ ಅನ್ನೂಣು. ಆಕಿ ಮಾತಾಡ್ತಾಳ’ ಅಂದೆ.

‘ಗೊಂಬಿ ಹೆಸರ ಬದಲಿ ಮಾಡಬಹುದು. ಶಿಗ್ಗಾಂವ್ಯಾಗ ಮಲಗಿದ ಮುದುಕನ್ನ ಏನ್ ಮಾಡ್ತಿ? ಆಂವ ಯಾರಿಗೋ ಮಾವ ಅದಾನ.’

‘ಹಂಗಾರ ಬಿಡ್ರಿ. ಆಕಿ ಪಾಸ್ ಆಗೂದಿಲ್ಲ, ಬರದಿಟ್ಕೋರಿ.’

‘ಆಗ್ತಾಳ. ನೀನ ಬರದಿಟ್ಕೋ’ ಅಂದಿರಿ. ಯಾರೂ ಬರೆದಿಟ್ಟುಕೊಳ್ಳಲಿಲ್ಲ. ಅದರ ಮುಂದಿನ ವಾರವೇ ನಿಮ್ಮನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗಬೇಕಾಯಿತು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನಿಮ್ಮ ತಲೆದಿಂಬಿನ ಹತ್ತಿರ ಕೂತ ಆ ಸಂಜೆ ನನ್ನನ್ನು ಬಿಡುವುದಿಲ್ಲ. ಇಬ್ಬರು ಹುಡುಗಿಯರು ಬಂದರು, ನಿಮ್ಮನ್ನು ಒಂದು ಮಗ್ಗಲಿಗೆ ಹೊಳ್ಳಿಸಿದರು, ಚಾದರ ಎಳೆದರು, ಮತ್ತೊಂದು ಮಗ್ಗಲಿಗೆ ಹೊಳ್ಳಿಸಿದರು, ಹೋದರು. ಅವರದು ತಪ್ಪು ಅನ್ನಲಾರೆ. ಅಷ್ಟು ಮಂಚಗಳು, ಅವರು ಇಬ್ಬರೇ. ಅವರು ಮುಟ್ಟುವಾಗೆಲ್ಲ ನೀವು ಕಣ್ಣು ಮುಚ್ಚಿಕೊಳ್ಳುತ್ತಿದ್ದಿರಿ. ‘ಕೈ ಭಾಳ ಚಲೋ ಅದಾವ, ಸಾವಿತ್ರಿ’ ಅಂದಿರಿ. ಆಮೇಲೆ ಬಹಳ ಸಣ್ಣ ದನಿಯಲ್ಲಿ, ‘ಆದ್ರ ಯಾರೂ ಹೇಳಿ ಮುಟ್ಟೂದಿಲ್ಲವಾ’ ಅಂದಿರಿ. ಜೀವನವಿಡೀ ಇದನ್ನೇ ಕಲಿಸಿದವರಿಗೆ ಕೊನೆಗೆ… ನನಗೆ ಅಳು ಬಂತು. ನೀವು ಮಾತು ತಿರುಗಿಸಿ, ‘ಮಂಜವ್ವ ಬಾಯಿ ಬಿಟ್ಟಳೇನು?’ ಅಂದಿರಿ. ಇನ್ನೂ ಇಲ್ರಿ ಅಂದೆ. ‘ಬಿಡ್ತಾಳ ತಗೋ’ ಅಂತ ನನಗೇ ಸಮಾಧಾನ ಹೇಳಿದಿರಿ. ನನಗೆ ನೀವು ಆಡಿದ ಕಡೆಯ ಮಾತು ಅದು.

ಆಡೂರಿನ ನಿಮ್ಮ ಮನೆಯಂಗಳಕ್ಕೆ ನಿಮ್ಮನ್ನು ತಂದ ಮುಂಜಾನೆ ಊರೇ ಸೇರಿತ್ತು. ಭಜನೆಯವರು ಇನ್ನೂ ತಾಳ ತೆಗೆದಿರಲಿಲ್ಲ. ಗಂಡಸರು ಕಟ್ಟೆಯ ಮೇಲೆ ಕೂತಿದ್ದರು. ಕಡೆಯ ದರ್ಶನಕ್ಕೆ ಕೂಡಿಸುವ ಮೊದಲು ಮೈ ತೊಳೆಯಬೇಕು ಅಂತ ಹೆಣ್ಣುಮಕ್ಕಳು ಸೀರೆಯ ಮರೆ ಹಿಡಿದರು. ನಿಮ್ಮ ಮಗಳು ಸುಮಾ ತಂಬಿಗೆ ಹಿಡಿದವಳು ಹಾಗೇ ನಿಂತಳು. ನಾನು? ಇಷ್ಟು ಜನರಿಗೆ ಕಲಿಸಿದ ನನಗೆ ನಿಮ್ಮ ಕೈ ಹಿಡಿಯುವುದೂ ಆಗಲಿಲ್ಲ. ಆಗ ಗುಂಪಿನ ಹಿಂದಿನಿಂದ ಮಂಜವ್ವ ಬಂದಳು. ಬಳೆ ಮೇಲೇರಿಸಿದಳು. ಸೆರಗಿನ ಅಂಚು ಹರಿದು ಅದರ ಮೇಲೆ ಸುತ್ತಿದಳು. ನೀರಿನಲ್ಲಿ ಕೈ ಅದ್ದಿ ಬಿಸಿ ನೋಡಿದಳು. ಆಮೇಲೆ ನಿಮ್ಮ ಕಿವಿಯ ಹತ್ತಿರ ಬಗ್ಗಿದಳು.

‘ಅಕ್ಕಾರ, ನಾ ಮಂಜವ್ವ ಬಂದೇನ್ರಿ. ನೀರು ಬೆಚ್ಚಗ ಅದಾವ್ರಿ. ಈಗ ನಿಮ್ಮ ಬಲಗೈ ಎತ್ತತೇನ್ರಿ.’

ದಪ್ಪ ದನಿ, ಅಕ್ಕಾರ. ಅಷ್ಟು ಸಣ್ಣ ಮೈಯೊಳಗೆ ಅಂಥ ದನಿ ಇದೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಎಡಗೈ ಅಂದಳು, ಬೆನ್ನು ಅಂದಳು, ‘ಮೊಣಕಾಲು ಭಾಳ ಹಗುರಕ ಹಿಡಿತೇನ್ರಿ, ನೋವಾದ್ರ ಅನ್ರಿ’ ಅಂದಳು. ಅಂಗಳದಲ್ಲಿ ಅಳುತ್ತಿದ್ದವರೂ ಮರೆಯ ಕಡೆ ತಿರುಗಿದರು. ಆಕೆಯನ್ನು ಜೊತೆಯಲ್ಲಿ ಕರೆದುಕೊಂಡು ಬಂದಿದ್ದ ಆಕೆಯ ಖರೇ ಮಾವನೂ ಕಟ್ಟೆಯ ಮೇಲಿದ್ದ. ಮರೆಯ ಆಚೆಯಿಂದ ಬಂದ ಮಾತು ಕೇಳಿ, ‘ಯಾರದು ಆ ದನಿ?’ ಅಂತ ಪಕ್ಕದವರನ್ನು ಕೇಳಿದನಂತೆ. ‘ನಿಮ್ಮ ಸೊಸೀದ ಐತಲ್ರಿ’ ಅಂದರಂತೆ. ಆತ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿ ಕೂತನಂತೆ.

ಪರೀಕ್ಷೆಯ ದಿನ ಆ ದನಿಗೂ ಒಂದು ವಿಘ್ನ ಬಂತು. ಇಷ್ಟು ವರ್ಷ ಬಾರದ ಸಾಮಗ್ರಿ ನೀವು ಹೋದ ಮೇಲೆ ಬಂದಿದೆ, ಕೇಳಿದಿರಾ? ದೊಡ್ಡ ಡಬ್ಬಿಯಲ್ಲಿ ಪ್ಲಾಸ್ಟಿಕ್ಕಿನ ಗೊಂಬೆ. ಗುಲಾಬಿ ಬಣ್ಣ, ತೆರೆದ ಕಣ್ಣು. ಪರೀಕ್ಷೆ ಅದರ ಮೇಲೇ ಆಗಬೇಕು ಅಂದರು. ಪರೀಕ್ಷಕರು ಹೊರಗಿನವರು, ತಲೆ ಬೆಳ್ಳಗಾದ ಸಭ್ಯ ಮನುಷ್ಯ. ಮಂಜವ್ವ ಬಳೆ ಕಟ್ಟಿಕೊಂಡು ಅದರ ಮುಂದೆ ನಿಂತಳು. ಬಾಯಿ ತೆರೆಯಲಿಲ್ಲ. ಆಡೂರಿನಲ್ಲಿ ಬಂದ ಮಾತು ಹಾನಗಲ್ಲಿಗೆ ಬರುವಷ್ಟರಲ್ಲಿ ಎಲ್ಲಿ ಇಳಿದು ಹೋಯಿತು? ಶಿಗ್ಗಾಂವಿ ಕೈತಪ್ಪಿತು ಅಂತಲೇ ಅಂದುಕೊಂಡೆ. ಆಗ ಆಕೆ ಪರೀಕ್ಷಕರ ಕಡೆ ತಿರುಗಿದಳು.

‘ಸರ, ಇದಕ್ಕ ಕೇಳಸೂದಿಲ್ರಿ. ನಮ್ಮ ಮಾವಾರು ಅದಾರ, ಅವರನ್ನ ಕರ್ಕೊಂಡ ಬರ್ಲೇನ್ರಿ?’

‘ಅಯ್ಯೋ, ಹುಷಾರಿಲ್ಲದವರನ್ನು ಹೊರಗೆ ಕೂಡಿಸಿದ್ದೀಯಾ? ಕರಕೊಂಡು ಬಾರಮ್ಮ’ ಅಂತ ಅವರು ಗಾಬರಿಯಿಂದ ಎದ್ದು ನಿಂತರು. ಮಂಜವ್ವ ಕಪಾಟಿನ ಹಿಂದೆ ಹೋಗಿ ನಮ್ಮ ಮಾವಾರನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದು, ನಡೆಸಿಕೊಂಡು ಬರುವ ಹಾಗೆ ಕರೆತಂದಳು. ನಗಬಾರದು ಅಂತ ನಾನು ಕಿಟಕಿಯ ಕಡೆ ಮುಖ ಮಾಡಿದೆ. ಪರೀಕ್ಷಕರು ಗೊಂಬೆಯನ್ನು ನೋಡಿದರು, ವಿಭೂತಿ ನೋಡಿದರು, ಆಕೆಯ ಮುಖ ನೋಡಿದರು. ‘ಆಗಲಿ, ಇವರಿಗೇ ಮಾಡಿ ತೋರಿಸು’ ಅಂದರು. ಮಂಜವ್ವ ಸೆರಗು ಸರಿಮಾಡಿಕೊಂಡು ಬಗ್ಗಿದಳು. ‘ಮಾವಾರ, ನಾ ನಿಮ್ಮ ಸೊಸಿ ಅದೇನ್ರಿ. ನಿಮ್ಮನ್ನ ಬಲಕ್ಕ ಹೊಳ್ಳಸ್ತೇನ್ರಿ.’ ಮುಂದಿನದನ್ನು ನಾನು ಹೇಳಬೇಕೇ? ಗೆದ್ದಿರಿ ನೀವು. ಬರೆದಿಟ್ಟುಕೊಳ್ಳದಿದ್ದರೂ ನಾನು ಒಪ್ಪಿಕೊಂಡಿದ್ದೇನೆ.

ಮೊನ್ನೆ ಶಿಗ್ಗಾಂವಿಗೆ ಹೋದಾಗ ಆಕೆಯನ್ನು ನೋಡಿ ಬಂದೆ. ನಾನು ಬಾಗಿಲಲ್ಲಿ ಇರುವಾಗಲೇ ಒಳಗಿನಿಂದ ದನಿ ಕೇಳುತ್ತಿತ್ತು. ಆ ಮುದುಕರಿಗೆ ಮಾತು ಹೋಗಿದೆ, ಆದರೆ ಈಕೆ ಒಂದೊಂದು ತುತ್ತಿಗೂ ಹೇಳಿ ಉಣಿಸುತ್ತಾಳೆ. ನಿಮ್ಮ ಮನೆಯ ಮಾವ ಏನಂತಾರೆ ಅಂತ ಕೇಳಿದೆ. ನಾಚಿಕೊಂಡಳು. ಮೊದಲ ಪಗಾರ ತೆಗೆದುಕೊಂಡು ಹೋದ ದಿನ, ಗಂಗಾಳ ಇಟ್ಟು, ಬಳೆ ಆಡಿಸದೆ, ‘ಊಟಕ್ಕ ಏಳ್ರಿ’ ಅಂದಳಂತೆ. ಆತ ಟೊಪ್ಪಿಗೆ ತೆಗೆದು ಗೂಟಕ್ಕೆ ಹಾಕಿದನಂತೆ. ಆಮೇಲೆ ‘ಬಂದೆವ್ವಾ’ ಅಂದನಂತೆ.

ಇನ್ನೊಂದು ಸುದ್ದಿ ಇದೆ, ಬೈಯಬೇಡಿ. ನಿಮ್ಮ ಸೀರೆಗಳನ್ನು ಏನು ಮಾಡಲಿ ಅಂತ ಸುಮಾ ಕೇಳಿದಳು. ನಾನು ಅವನ್ನೆಲ್ಲ ಹುಲಗೂರಿಗೆ ಒಯ್ದು ಹಸೀನಾಬಿಗೆ ಕೊಟ್ಟೆ. ಹೆಣ್ಣು ಗೊಂಬೆಯೊಂದು ನಮ್ಮಲ್ಲಿ ಇರಲಿಲ್ಲವಲ್ಲ. ನಿನ್ನೆ ಸಿದ್ಧವಾಗಿ ಬಂತು. ಮೈ ತುಂಬ ನಿಮ್ಮ ಸೀರೆಗಳೇ, ಉಟ್ಟದ್ದು ನಿಮ್ಮ ಹಸಿರು ಇಳಕಲ್ಲು. ಬಲ ಮೊಣಕಾಲಿಗೆ ಉಸುಕು ಬೇಡ, ಮೆತ್ತಗೆ ಅರಳೆ ತುಂಬು ಅಂತ ನಾನೇ ಹೇಳಿದ್ದೆ. ಹೊಸ ಬ್ಯಾಚಿನ ಹೆಣ್ಣುಮಕ್ಕಳು ಇವರ ಹೆಸರೇನು ಅಂತ ಕೇಳಿದರು. ಅಕ್ಕಾರು ಅಂದೆ. ಮೊದಲ ಪಾಠ ಹೇಳಲು ಸೋಮವಾರ ಮಂಜವ್ವನೇ ಬರುತ್ತಾಳೆ, ರಜೆ ಕೇಳಿಕೊಂಡಿದ್ದಾಳೆ. ಸವಣೂರಿನವರು, ಹಿರೇಕೆರೂರಿನವರು, ಎಲ್ಲರೂ ಪಾಳಿಯ ಮೇಲೆ ನಿಮ್ಮನ್ನು ಎತ್ತುತ್ತಾರೆ, ಹೊಳ್ಳಿಸುತ್ತಾರೆ, ತಲೆ ಬಾಚುತ್ತಾರೆ. ಕೈ ಇನ್ನೂ ಹಸಿ, ಸ್ವಲ್ಪ ಎಳೆದಾಡಿಯಾರು, ಸಹಿಸಿಕೊಳ್ಳಿ. ಕಣ್ಣು ಮಾತ್ರ ಮುಚ್ಚಿಕೊಳ್ಳಬೇಡಿ, ಅಕ್ಕಾರ. ಇಲ್ಲಿ ಯಾರೂ ನಿಮ್ಮನ್ನು ಹೇಳದೆ ಮುಟ್ಟುವುದಿಲ್ಲ.

ನಿಮ್ಮ,
ಸಾವಿತ್ರಿ